ಮೂರು ಸಲ ಬಿದ್ದವಳಿಗೆ

ಅಮ್ಮಾ,

ಫೋನ್ ಮಾಡಿದ್ರೆ ಅಪ್ಪ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರ್ತಾರೆ, ಅದಕ್ಕೇ ಈ ಪತ್ರ. ಅಕ್ಷರ ಸೊಟ್ಟಗಿದ್ರೆ ಬೈಬೇಡ.

ನಿನ್ನೆ ನಾಲ್ಕು ಕೆರೆ, ಕಾಡು ಎಲ್ಲ ಸುತ್ತಿ ಬರೋ ಆ ಅರವತ್ತು ಕಿಲೋಮೀಟರ್ ದಾರಿಯಲ್ಲಿ ಸೈಕಲ್ ಹೊಡೆದೆ. ಮೂರನೇ ಕೆರೆ ಏರಿ ಹತ್ತಿರ ಪಂಕ್ಚರ್ ಆಯ್ತು. ಅಲ್ಲಿನ ಸೈಕಲ್ ಶಾಪಿನ ಅಜ್ಜ ಟ್ಯೂಬ್ ಬಿಟ್ಟು ನನ್ನ ಮುಖವನ್ನೇ ನೋಡಿದ್ರು. "ಬ್ರೇಕಿಲ್ಲದವಳ ಮಗಳಲ್ವಾ ನೀನು?" ಅಂದ್ರು. ಗೋಡೆ ಮೇಲೆ ಫೋಟೋ. ಮದುವೆಗೆ ಮುಂಚಿನ, ಹತ್ತೊಂಬತ್ತು ವಯಸ್ಸಿನ ನೀನು, ಎರಡು ಜಡೆ, ಮಂಡಿ ತುಂಬ ಕೆಸರು, ಕೈಯಲ್ಲಿ ಗೆದ್ದ ಕಪ್. ಇದೇ ದಾರಿಯ ರೇಸಲ್ಲಿ, ಬ್ರೇಕೇ ಹಿಡೀದೆ, ಮೂರು ವರ್ಷ ನೀನೇ ಮೊದಲಂತೆ!

ಮತ್ತೆ ಅಪ್ಪ ಹೇಳೋ ಆ ಕಥೆ? ಮದುವೆಯಾದ ಹೊಸದರಲ್ಲಿ ಅಪ್ಪ ನಿನಗೆ ಸೈಕಲ್ ಕಲಿಸೋಕೆ ಹೋಗಿ, ನೀನು ಮೂರು ಸಲ ಬಿದ್ದು, "ಇವಳ ಕೈಲಾಗಲ್ಲ" ಅಂತ ಅವರು ಇವತ್ತಿಗೂ ನೆಂಟರ ಮುಂದೆ ಹೇಳಿ ನಗ್ತಾರಲ್ಲ? ನೀನೂ ಜೊತೆಗೆ ನಗ್ತೀಯಲ್ಲ?

ಅಜ್ಜನಿಗೆ ನಿನ್ನ ಸೀಟಿನ ಎತ್ತರ ಇನ್ನೂ ನೆನಪಿದೆ. ಭಾನುವಾರ ಸೈಕಲ್ ಹೊಡೆಯೋಕೆ ಬಾ, ಮಂಡಿನೋವಿನ ಕಥೆ ಬೇಡ. ಅಪ್ಪನ ಹತ್ರ ನಾನು ಬಾಯಿ ಬಿಡಲ್ಲ. ಒಂದು ಮಾತ್ರ ಹೇಳಮ್ಮ, ಅಷ್ಟು ಚೆನ್ನಾಗಿ ಬೀಳೋದನ್ನ ಎಲ್ಲಿ ಕಲಿತೆ?

ಬೆಪ್ಪಾಗಿ ಕೂತಿರೋ
ನಿನ್ನ ಮಗಳು