ಅರ್ಧಕ್ಕೆ ನಿಲ್ಲಿಸಿದ ಪರೀಕ್ಷೆ

ಜೂನ್ 11, ಮಂಗಳವಾರ

ಅತ್ತಿಗೆಯ ಜಾಹೀರಾತಿನ ಎದುರು ನನ್ನದು ಗೆದ್ದಿರಲಿಲ್ಲ. ಇದನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ.

ನಾವಿಬ್ಬರೂ ಕೆಲಸ ಮಾಡುವ ಕುರ್ಚಿ ಕಂಪನಿಯ ವೆಬ್‌ಸೈಟಿಗೆ ಅತ್ತಿಗೆ ‘ಬೆನ್ನು ಕೇಳಿದ ಕುರ್ಚಿ’ ಎಂದು ಬರೆದರು, ನಾನು ‘ಏಳೋಕೆ ಮನಸ್ಸೇ ಬರಲ್ಲ’ ಎಂದು ಬರೆದೆ. ನೋಡಲು ಬಂದವರಲ್ಲಿ ಅರ್ಧ ಜನಕ್ಕೆ ಅವರದು, ಉಳಿದವರಿಗೆ ನನ್ನದು ಕಾಣುತ್ತಿತ್ತು; ಇದೇ ಪರೀಕ್ಷೆ. ವಾರ ಮುಗಿದ ಮೇಲೆ ಯಾವುದರಿಂದ ಹೆಚ್ಚು ಕುರ್ಚಿ ಹೋಗಿವೆಯೋ ಅದನ್ನೇ ಉಳಿಸಬೇಕಿತ್ತು. ನಾನು ಗಳಿಗೆಗೊಮ್ಮೆ ಮಾರಾಟದ ಲೆಕ್ಕ ಇಣುಕಿ ನೋಡುತ್ತಿದ್ದೆ. ವಾರದ ನಡುವೆ ನನ್ನದು ಮುಂದೆ ಬಂದ ಕೂಡಲೇ ಪರೀಕ್ಷೆ ನಿಲ್ಲಿಸಿಬಿಟ್ಟೆ. ಹಿಂದಿನ ದಿನ ಅವರದು ಮುಂದಿತ್ತು. ಕೊನೆಗೆ ಯಾರದು ಗೆಲ್ಲುತ್ತಿತ್ತೋ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನೇ.

ನನ್ನದೇ ಗೆದ್ದಿತೆಂದು ನಂಬಿ ಕಂಪನಿಯ ಯಜಮಾನರು ಜಾಹೀರಾತು ಬರೆಯುವ ಕೆಲಸ ನನಗೆ ಕೊಟ್ಟರು. ನನ್ನನ್ನು ಅಲ್ಲಿಗೆ ಸೇರಿಸಿದ ಅತ್ತಿಗೆಯನ್ನೇ ಫೋನ್ ಎತ್ತಲು ಕೂರಿಸಿದರು. "ಮೈದುನನ ಕೈಲಿ ಸೋತ್ರೆ ಮರ್ಯಾದೆ ಮನೇಲೇ ಉಳೀತು ಬಿಡಿ" ಎಂದು ಅತ್ತಿಗೆ ನಕ್ಕರು. ಶಾಲೆ ಅರ್ಧಕ್ಕೆ ಬಿಟ್ಟವನೆಂದು ಎಲ್ಲರ ಮುಖಕ್ಕೇ ಹೇಳುವ ನಾನು ಇದನ್ನು ಮಾತ್ರ ಮುಚ್ಚಿಟ್ಟು ಅವರ ಜೊತೆ ನಕ್ಕೆ.

ಇವತ್ತು ಯಜಮಾನರಿಗೆ ಹೇಳಿದೆ. "ಅನ್ನ ಬೆಂದಿದ್ಯಾ ನೋಡೋಕೆ ಒಂದಗುಳು ಸಾಲದೇನೋ? ಕುರ್ಚಿ ಹೋಗ್ತಿವೆ, ಸುಮ್ನಿರು" ಅಂದರು. ನಾನು ಕೆಲಸ ಬಿಟ್ಟರೆ ಜಾಹೀರಾತು ಯಾರು ಬರೆಯುತ್ತಾರೆ ಎಂದು ಕೇಳಿದೆ. "ನಿಮ್ಮತ್ತಿಗೆ, ಇನ್ಯಾರು?" ಅಂದರು. ಬಿಟ್ಟೆ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆಗೂ ಹೇಳಿದೆ. ಅವರು ನಗಲಿಲ್ಲ. "ಶಾಲೆನೂ ಅರ್ಧಕ್ಕೆ, ಇದೂ ಅರ್ಧಕ್ಕೆ. ತಟ್ಟೇಲಿರೋದನ್ನಾದ್ರೂ ಮುಗಿಸು." ತಲೆ ಎತ್ತದೆ ಮುಗಿಸಿದೆ.

ಅಣ್ಣನಿಗೆ ಅವರೇ ಹೇಳುತ್ತಾರೋ ಏನೋ. ಬಟ್ಟೆ ಚೀಲಕ್ಕೆ ತುಂಬಿದ್ದೇನೆ. ಅತ್ತಿಗೆಗೆ ಮೋಸ ಮಾಡಿ ಅವರ ಮನೆಯಲ್ಲೇ ಉಣ್ಣುತ್ತಾ ಇರಲಾರೆ, ನಾಳೆ ಬೆಳಿಗ್ಗೆ ಇಲ್ಲಿಂದ ಹೊರಡುತ್ತೇನೆ.