ಬಳ್ಳಿಯ ಬೆನ್ನು

ಜೂನ್ 3, ಸೋಮವಾರ. ಬೆಳಿಗ್ಗೆ 5.40

ಮ್ಯಾಟ್ ಹಾಸಿ ಆಯಿತು. ಮೂಲೆಯದು ಮತ್ತೆ ಬಾಯಿ ಬಿಟ್ಟಿದೆ, ಟೇಪ್ ಸುತ್ತಿದೆ. ಹುಡುಗಿಯರು ಸಾಲಾಗಿ ಬಂದರು, ಎಂದಿನಂತೆ ಬಳ್ಳಿ ಮೊದಲು. ಅಣ್ಣನ ಮಗಳು. ಹದಿನಾಲ್ಕು ವರ್ಷ. ಬಾಗುವ ಮೈ ನೋಡಿ ಇಲ್ಲಿ ಇಟ್ಟ ಹೆಸರು, ಈಗ ಮನೆಯಲ್ಲೂ ಅದೇ. ನಿಂತರೆ ಮಂಡಿ ಹಿಂದಕ್ಕೆ ಬಿಲ್ಲು. ಕೈ ಚಾಚಿದರೆ ಮೊಣಕೈ ನೇರವಾಗಿ ನಿಲ್ಲುವುದಿಲ್ಲ, ಅದನ್ನೂ ದಾಟಿ ಕೆಳಕ್ಕೆ. ನೋಡುವವರಿಗೆ ಚಂದ. ಜಿಮ್ನಾಸ್ಟಿಕ್ಸ್ ಕಲಿಸಿ ಕೂದಲು ನರೆಸಿಕೊಂಡ ನಮ್ಮ ಸರ್, ಹೊಸ ತಂದೆತಾಯಿಗಳು ಬಂದರೆ ಅವಳನ್ನೇ ಕರೆದು ತೋರಿಸುತ್ತಾರೆ. "ದೇವರು ಕೊಟ್ಟ ಕೀಲು ಇದು." ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಅಂದರೆ ಇದೇ ಏನೋ.

ಈ ಹಾಲ್‌ನ ಪದ್ಧತಿ: ನೋವು ಎಂದವಳು ಬೆಂಚಿಗೆ. ಮಾರನೆಯ ದಿನ ಸಾಲಿನ ತುದಿಗೆ. ಮತ್ತೆ ಮುಂದೆ ಬರಲು ಪಾಡು ಪಡಬೇಕು. ಹಾಗಾಗಿ ಇಲ್ಲಿ ಯಾರಿಗೂ ನೋವಿಲ್ಲ, ಎಲ್ಲರಿಗೂ ಬರೀ ಬಿಗಿ. ಬಿಗಿ ಎಂದರೆ ಬೆಂಚಿಲ್ಲ — ನಾನು ಹೋಗಿ ಎಳೆದು, ಒತ್ತಿ ಸಡಿಲ ಮಾಡುತ್ತೇನೆ. ಅಸಿಸ್ಟೆಂಟ್ ಕೋಚ್ ಎಂದರೆ ಅದೇ ಕೆಲಸ. ಬಳ್ಳಿ ಇವತ್ತು ಸೊಂಟ ಬಿಗಿ ಎಂದಳು. ಹಿಂದಕ್ಕೆ ಬಾಗಿ ಕೈ ಊರಿ ಕಮಾನಾಗುವ ಬ್ರಿಜ್‌ನಲ್ಲಿ ಭುಜ ಹಿಡಿದು ಚೆನ್ನಾಗಿ ಒತ್ತಿದೆ.

ಜೂನ್ 8, ಶನಿವಾರ

ಶನಿವಾರ ತಂದೆತಾಯಿಗಳು ನೋಡಲು ಬರುವ ದಿನ. ಅತ್ತಿಗೆ ಮುಂದಿನ ಕುರ್ಚಿಯಲ್ಲಿ, ಫೋನ್ ಎತ್ತಿ ಹಿಡಿದು. ಬಳ್ಳಿ ಹಿಂದಕ್ಕೆ ಬಾಗಿ ಕೈ ಊರಿದಳು, ಕಾಲು ಒಂದರ ಹಿಂದೆ ಒಂದು ಹಾರಿ ಬಂತು. ಚಪ್ಪಾಳೆ. ಮುಖದಲ್ಲಿ ನಗು. ನಾನು ಪಾದ ನೋಡಿದೆ — ಬೆರಳುಗಳು ಮ್ಯಾಟನ್ನು ಕಚ್ಚಿ ಹಿಡಿದಿದ್ದವು. ನೋವು ನುಂಗುವವರ ಪಾದ ಅದು. ಮುಖಕ್ಕೆ ನಗು ಕಲಿಸಿದ್ದೇವೆ, ಪಾದಕ್ಕೆ ಕಲಿಸಿಲ್ಲ.

ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನೋಡಿದರೆ ಮಂಡಿ ಎದೆಗೆ ಅಪ್ಪಿಕೊಂಡು ನೆಲದ ಮೇಲೆ ಮುದುಡಿ ಮಲಗಿದ್ದಾಳೆ.

"ನೋವಾ?"

"ಇಲ್ಲ ಅತ್ತೆ. ಬಿಗಿ ಅಷ್ಟೇ."

ಒತ್ತಲು ಕೈ ಹೋಗಲಿಲ್ಲ.

ಜೂನ್ 11, ಮಂಗಳವಾರ

ಹಿಂದೊಮ್ಮೆ ಕೋಚ್‌ಗಳಿಗೆಂದು ಒಂದು ತರಬೇತಿ ಇತ್ತು. ಅರ್ಧ ತೂಕಡಿಸಿದ್ದೆ. ಉಳಿದರ್ಧದಲ್ಲಿ, ಬೆನ್ನೆಲುಬಿಗೆ ಪೆಟ್ಟಾಗಿದೆಯೇ ಎಂದು ನೋಡುವ ಒಂದು ಪರೀಕ್ಷೆ ನೆನಪಿತ್ತು. ಅಣ್ಣನ ಮನೆಗೆ ಹೋದೆ. ಅಣ್ಣ ಅತ್ತಿಗೆ ಇಬ್ಬರೂ ಕೆಲಸದಿಂದ ಬಂದಿರಲಿಲ್ಲ. ಬಳ್ಳಿಯನ್ನು ಒಂಟಿಕಾಲಲ್ಲಿ ನಿಲ್ಲಿಸಿ, ಹಿಂದಕ್ಕೆ ಬಾಗು ಎಂದೆ. ಬಲಗಾಲು — ಸರಿ. ಎಡಗಾಲು — ಉಸಿರು ಕಟ್ಟಿದಳು. ಪಾದದ ಬೆರಳು ಮತ್ತೆ ಹಾಗೇ.

"ಇನ್ನೊಂದು ಸಲ" ಎಂದೆ.

"ಬೇಡ ಅತ್ತೆ."

ಅವಳ ಬಾಯಲ್ಲಿ ಬೇಡ ಎಂಬ ಮಾತು ಕೇಳಿದ್ದು ಇದೇ ಮೊದಲು. ಅಣ್ಣನಿಗೆ ಫೋನ್ ಮಾಡಿದೆ. ನಾಳೆ ಮೂಳೆ ಡಾಕ್ಟರ್ ಹತ್ತಿರ ಹೋಗ್ತೀವಿ, ನೀನೂ ಬಾ ಎಂದೆ. ರಜೆ ಸಿಗಲ್ಲ, ನೀನೇ ಕರ್ಕೊಂಡು ಹೋಗು ಎಂದ.

ಜೂನ್ 12, ಬುಧವಾರ

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಪಟ ತೋರಿಸಿದರು. ಸೊಂಟದ ಕೆಳಗಿನ ಎಲುಬು, ಎಡಬದಿಯಲ್ಲಿ ಸಣ್ಣ ಬಿರುಕು.

ನಾನು ವಾದ ಮಾಡಿದೆ. ಇಷ್ಟು ಬಾಗುವ ಮೈಗೆ ಹೇಗೆ, ಬಾಗದ ಮೈಗೆ ತಾನೇ ಪೆಟ್ಟಾಗಬೇಕು ಎಂದೆ.

"ಬಾಗೋದು ತಪ್ಪಲ್ಲ ಕಣಮ್ಮ. ಬೆನ್ನು ಪೂರ್ತಿ ಪಾಲು ಹಂಚ್ಕೊಂಡು ಬಾಗ್ಬೇಕು. ಇವಳ ಭುಜ, ಮೇಲಿನ ಬೆನ್ನು ಅಷ್ಟು ಬಾಗ್ತಿಲ್ಲ. ಎಲ್ಲಾ ಭಾರ ಇದೊಂದು ಜಾಗಕ್ಕೆ. ತಂತಿನ ಒಂದೇ ಕಡೆ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡಿದ್ರೆ ಏನಾಗುತ್ತೆ?" ಎಂದರು. ಸಡಿಲ ಕೀಲಿಗೆ ಎಳೆತ ಬೇಡವಂತೆ, ಸುತ್ತಲಿನ ಸ್ನಾಯುವಿಗೆ ಬಲ ಬೇಕಂತೆ. ಕೊನೆಯ ಅಂಚಿಗೆ ಮುಟ್ಟುವ ಮೊದಲೇ ತಡೆದು ನಿಲ್ಲುವ ಬಲ. ನಾವು ಹಾಲ್‌ನಲ್ಲಿ ಮಾಡಿದ್ದೆಲ್ಲ ಉಲ್ಟಾ.

ಈಗ ಬೆಲ್ಟ್ ಹಾಕಿ ಮೂರು ತಿಂಗಳು ಆಟ ಬಿಟ್ಟರೆ ಕೂಡಿಕೊಳ್ಳುತ್ತದೆ. ಬಲಬದಿಯೂ ಬಿರುಕು ಬಿಟ್ಟರೆ ಎಲುಬು ಮುಂದಕ್ಕೆ ಜಾರುತ್ತದೆ. ಆಮೇಲೆ ಆಪರೇಷನ್ ಮಾತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ.

ಒತ್ತಿದ್ದು ನನ್ನ ಕೈ. ಬಸ್ಸಿನಲ್ಲಿ ಆ ಕೈಯನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

ಜೂನ್ 13, ಗುರುವಾರ

ಅಣ್ಣನ ಮನೆ. ಮಾತು ಬೆಳೆಯಿತು. ರಾಜ್ಯ ತಂಡದ ಸೆಲೆಕ್ಷನ್ 23ಕ್ಕೆ. ಅತ್ತಿಗೆ: "ಹತ್ತು ದಿನ ತಾನೇ. ಮುಗಿಸ್ಕೊಂಡು ಆಮೇಲೆ ಮೂರಲ್ಲ, ಆರು ತಿಂಗಳು ಮಲಗ್ಲಿ."

"ಅತ್ತಿಗೆ, ಹತ್ತು ದಿನದಲ್ಲೇ ಮುರಿದ್ರೆ?"

"ನೀನು ಅವಳ ವಯಸ್ಸಲ್ಲಿ ಎಲ್ಲಿಗೂ ಸೆಲೆಕ್ಟ್ ಆಗ್ಲಿಲ್ಲ. ಅದಕ್ಕೇ ನಿನಗೆ ಹೊಟ್ಟೆಕಿಚ್ಚು."

ಚುಚ್ಚಿತು. ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಬಳ್ಳಿಗೆ ಬಿದ್ದ ಚಪ್ಪಾಳೆ ಕೇಳಿದಾಗ ಎಂದೂ ಏನೂ ಅನಿಸಿಲ್ಲ ಎಂದು ಆಣೆ ಮಾಡಲಾರೆ. ಆದರೆ ಇದು ಅದಲ್ಲ.

ಅಣ್ಣ, ಟಿವಿ ಆರಿಸಿದ್ದರೂ ಅದನ್ನೇ ನೋಡುತ್ತಿದ್ದ. ಕೊನೆಗೆ, "ಅವಳನ್ನೇ ಕೇಳಿ" ಎಂದ. ಹದಿನಾಲ್ಕರ ಹುಡುಗಿಯ ತಲೆ ಮೇಲೆ ಹಾಕಿ ಕೈ ತೊಳೆದುಕೊಂಡ.

"ಒಂದೇ ಸಲ ಅತ್ತೆ" ಎಂದಳು ಬಳ್ಳಿ. "ಆಮೇಲೆ ನೀನು ಹೇಳಿದಂಗೆ ಕೇಳ್ತೀನಿ."

ಜೂನ್ 15, ಶನಿವಾರ

ಸರ್‌ಗೆ ಪಟ ತೋರಿಸಿದೆ. ಕಿಟಕಿಗೆ ಹಿಡಿದು ನೋಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನೇ ತಿರುಗಿಸಿ ಕೊಟ್ಟೆ.

"ಸ್ಕ್ಯಾನ್ ಮಾಡಿಸಿದ್ರೆ ನಿನ್ನ ಬೆನ್ನಲ್ಲೂ ಏನೋ ಒಂದು ಸಿಗುತ್ತೆ. ನನ್ನ ಬೆನ್ನಲ್ಲಂತೂ ಅಂಗಡಿನೇ ಇದೆ."

ನಗಲಿಲ್ಲ ನಾನು. ಅವರೂ ಆಮೇಲೆ ನಗಲಿಲ್ಲ. "ಅವಳು ಬಿಟ್ರೆ ನಮ್ಮ ಹಾಲ್‌ನಿಂದ ಯಾರಿದ್ದಾರೆ ಹೇಳು" ಎಂದರು. ಕೆಟ್ಟ ಮನುಷ್ಯನಲ್ಲ. ನೋವಿಲ್ಲದ ಹುಡುಗಿಯರನ್ನಷ್ಟೇ ನೋಡಿ ನೋಡಿ, ನೋವೇ ಇಲ್ಲ ಎಂದು ನಂಬಿಬಿಟ್ಟಿದ್ದಾರೆ.

ಸೆಲೆಕ್ಷನ್ ದಿನ ಫ್ಲೋರ್ ಪಕ್ಕ ನಾನೇ ನಿಲ್ಲುತ್ತೇನೆ ಎಂದೆ. ಬೇರೆಯವರಿಗೆ ಬೆನ್ನಿನ ವಿಷಯ ಗೊತ್ತಿಲ್ಲ. ಅವಳ ಆಟದಿಂದ ಹಿಂದಕ್ಕೆ ಬಾಗುವುದನ್ನೆಲ್ಲ ತೆಗೆಸಿದೆ, ಎರಡು ಮಾತ್ರ ಉಳಿಯಿತು. ಅವಿಲ್ಲದೆ ಅಂಕ ಬರುವುದಿಲ್ಲವಂತೆ. ಅಭ್ಯಾಸ ಬೇಡ, ಆ ದಿನ ಮಾತ್ರ ಮಾಡು ಎಂದು ಬಳ್ಳಿಗೆ ಹೇಳಿದ್ದೇನೆ. ಒಪ್ಪಿಕೊಂಡು ಬಂದೆನಲ್ಲ, ನಾಚಿಕೆಯಾಗುತ್ತಿದೆ.

ಜೂನ್ 23, ಭಾನುವಾರ. ಸಂಜೆ

ಬರೆದೇ ಬಿಡುತ್ತೇನೆ.

ಫ್ಲೋರ್ ಸುತ್ತ ಬಿಳಿ ಗೆರೆ. ಕೋಚ್ ಅದರ ಹೊರಗೆ. ಆಟದ ನಡುವೆ ಕೋಚ್ ಗೆರೆ ದಾಟಿ ಹುಡುಗಿಯನ್ನು ಮುಟ್ಟಿದರೆ ಅಲ್ಲಿಗೆ ಆಟ ಮುಗಿಯಿತು, ಲೆಕ್ಕಕ್ಕಿಲ್ಲ. ಈ ಸೆಲೆಕ್ಷನ್‌ನ ನಿಯಮ, ಬೆಳಿಗ್ಗೆಯೇ ಎಲ್ಲರಿಗೂ ಓದಿ ಹೇಳಿದ್ದರು.

ಅವಳ ಸರದಿ. ಶುರು ಚೆನ್ನಾಗಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೊದಲ ಬಾಗು — ಬಾಗಿದಳು, ದಾಟಿದಳು, ನಿಂತಳು. ನಿಂತಾಗ ಎಡಗಾಲು ಒಂದು ಕ್ಷಣ ಅವಳದಲ್ಲದ ಹಾಗೆ ಎಳೆಯಿತು. ಯಾರೂ ನೋಡಲಿಲ್ಲ. ಚಪ್ಪಾಳೆ ಬಂತು. ಇನ್ನೊಂದು ಉಳಿದಿತ್ತು. ನಾನಿದ್ದ ಮೂಲೆಗೇ ಬಂದು ಬೆನ್ನು ಮಾಡಿ ನಿಂತು ಕೈ ಎತ್ತಿದಳು. ಪಾದದ ಬೆರಳು ನೋಡಿದೆ.

ಯೋಚನೆ ಮಾಡಿದೆ ಎಂದು ಬರೆದರೆ ಸುಳ್ಳು. ಗೆರೆ ದಾಟಿದೆ. ಹಿಂದಿನಿಂದ ಸೊಂಟಕ್ಕೆ ಎರಡೂ ಕೈ ಹಾಕಿ ಹಿಡಿದೆ.

"ಅತ್ತೆ, ಹೋಗು. ಪ್ಲೀಸ್ ಹೋಗು" ಎಂದಳು. ತುಟಿ ಅಲುಗಿಸದೆ. ಮುಖದ ಮೇಲಿನ ನಗು ಹಾಗೇ ಇತ್ತು.

ಬಿಡಲಿಲ್ಲ. ತೀರ್ಪುಗಾರರಲ್ಲೊಬ್ಬರು ಎದ್ದು ನಿಂತರು. ಹಾಡು ನಿಲ್ಲಿಸಿದರು. ಆಮೇಲೆ ಆ ನಗು ಹೋಯಿತು. ಅವಳು ನನ್ನ ಎದೆಗೆ ಮೊಣಕೈಯಿಂದ ಗುದ್ದಿದಳು. ಗುದ್ದಲಿ ಎಂದು ಸುಮ್ಮನಿದ್ದೆ.

ಜೂನ್ 24

ಸರ್ ಫೋನ್. ನಾಳೆಯಿಂದ ಬರುವುದು ಬೇಡ. ಗದರಲಿಲ್ಲ, ದನಿ ಸೋತಿತ್ತು.

ಅತ್ತಿಗೆ ಮನೆಗೇ ಬಂದರು, ಒಳಗೆ ಬರಲಿಲ್ಲ. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ದೆ. ಇನ್ನು ನಮ್ಮ ಮನೆ ಕಡೆ ತಲೆ ಹಾಕ್ಬೇಡ."

ಮಾಡಿದ್ದು ಸರಿಯೋ ಗೊತ್ತಿಲ್ಲ. ಆ ಎರಡನೆಯದು ಸಲೀಸಾಗಿ ಆಗಿಬಿಡುತ್ತಿತ್ತೋ ಏನೋ. ಇನ್ನು ಅದು ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೂ.

ಜುಲೈ 19, ಶುಕ್ರವಾರ

ಹೊಸ ಕೆಲಸ. ಬಡಾವಣೆಯ ಸಭಾಂಗಣದಲ್ಲಿ ಹಿರಿಯ ಹೆಂಗಸರಿಗೆ ವ್ಯಾಯಾಮ. ಮೊದಲ ಪಾಠವೇ ನಿಲ್ಲುವುದು. ಮಂಡಿ ಹಿಂದಕ್ಕೆ ತಳ್ಳಿ ಲಾಕ್ ಮಾಡಬೇಡಿ, ಒಂದು ಕೂದಲೆಳೆ ಸಡಿಲ ಬಿಡಿ ಎಂದೆ. ಹೊಟ್ಟೆ ಹಿಡಿದುಕೊಳ್ಳಿ, ತಲೆ ಹಿಂದಕ್ಕೆ ಎಸೆಯಬೇಡಿ. ಟೈಲರಮ್ಮ ಒಬ್ಬರಿದ್ದಾರೆ. "ಹಿಂದಕ್ಕೆ ಬಗ್ಗೋ ಯೋಗ್ಯತೆ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಕಣೇ" ಎಂದರು. ಎಲ್ಲರೂ ನಕ್ಕರು, ನಾನೂ. ಇಲ್ಲಿ ಯಾರಿಗೂ ಬಿಗಿ ಇಲ್ಲ. ಎಲ್ಲರಿಗೂ ನೋವು, ಬಾಯ್ತುಂಬ ಹೇಳುತ್ತಾರೆ. ಕೇಳಿಸಿಕೊಳ್ಳುತ್ತೇನೆ.

ಸಂಜೆ ಅಣ್ಣ ಬೀದಿಯಲ್ಲಿ ಸಿಕ್ಕ. ಮತ್ತೆ ಸ್ಕ್ಯಾನ್ ಮಾಡಿಸಿದರಂತೆ. ಬಲಬದಿಯ ಎಲುಬಿಗೂ ಪೆಟ್ಟು ಶುರುವಾಗಿತ್ತಂತೆ, ಬಿರುಕು ಬಿಟ್ಟಿಲ್ಲವಂತೆ. "ಬೆಲ್ಟ್ ಹಾಕಿದ್ದಾಳೆ" ಎಂದ. "ಬರ್ತೀನಿ" ಎಂದು ಹೋದ.

ಯಾರಾದರೂ ನನ್ನ ಹೆಸರು ಎತ್ತಿದರೆ ಬಳ್ಳಿ ಕೋಣೆಯಿಂದ ಎದ್ದು ಹೋಗುತ್ತಾಳಂತೆ. ಅದನ್ನೂ ಹೇಳಿದ್ದ. ಯಾಕೆ ಹೇಳಿದನೋ.

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 6.20

ಫೋನ್. ಅಣ್ಣನ ನಂಬರ್. ಬಾಯಲ್ಲಿ ಪೇಸ್ಟ್. ಎತ್ತಿದರೆ ಅಣ್ಣ ಅಲ್ಲ.

"ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ."

ಉಗಿದು ಬಂದು, "ಹೋಗದಿದ್ರೆ ಬೇಡ ಬಿಡು" ಎಂದೆ.

"ನನ್ನ ಜಾಗದಲ್ಲಿ ಹೋದವಳು ಮೆಡಲ್ ತಂದ್ಳು. ಗೊತ್ತಾ?"

"ಗೊತ್ತು."

ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

"ಅತ್ತೆ, ಇವತ್ತು ಎದ್ದಾಗ ಬೆನ್ನು ಏನೂ ಅನ್ನಲಿಲ್ಲ. ಬರುತ್ತೆ ಅಂತ ಹಾಸಿಗೆಯಲ್ಲೇ ಕಾದೆ. ಬರಲೇ ಇಲ್ಲ."

"ಒಳ್ಳೇದಾಯ್ತಲ್ಲ ಪುಟ್ಟಾ."

"ಎಲ್ಲರೂ ದಿನಾ ಹೀಗೇ ಏಳ್ತಾರಾ?"

ಯಾವಾಗಿನಿಂದ ನೋವು ಎಂದು ಡಾಕ್ಟರಮ್ಮ ಕೇಳಿದಾಗ ಒಂದೆರಡು ವಾರ ಎಂದಿದ್ದಳು. ನಾನು ಪಕ್ಕದಲ್ಲೇ ಕೂತು ಹೌದು ಎಂದು ತಲೆಯಾಡಿಸಿದ್ದೆ.

"ಹೂಂ" ಎಂದೆ. "ಹೀಗೇ ಏಳ್ತಾರೆ."

"ನನಗೆ ಗೊತ್ತಿರಲಿಲ್ಲ" ಎಂದಳು. ಆಮೇಲೆ ಅಳಲು ಶುರು ಮಾಡಿದಳು. ಫೋನ್ ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದೆ, ಎಷ್ಟು ಚಿಕ್ಕವಳಿದ್ದಾಗಿನಿಂದ ಎಂದು ಕೇಳಬೇಕೆಂದು ಬಾಯಿ ತೆರೆದರೆ ಅವಳೇ, "ಬಳ್ಳಿ ಅಂತ ಹೆಸರಿಟ್ರಲ್ಲ ಅತ್ತೆ, ಆವಾಗಿನಿಂದ" ಎಂದಳು.