ನೆಲದಡಿಯ ಕಚೇರಿಯಲ್ಲಿ ಕೆಮ್ಮಿ ಸುಮ್ಮನಿರಿ

ಹಾನ್ ಚಕ್ರವರ್ತಿಗಳ ಹನ್ನೆರಡನೆಯ ವರ್ಷ, ಐದನೆಯ ತಿಂಗಳು,
ನದಿ ದಂಡೆಯ ಕೇರಿ.

ಯಜಮಾನರಾದ ಪೆಂಗ್ ಅವರಿಗೆ ನಿಮ್ಮ ಸುವಾನ್ ಎರಡು ಸಲ ತಲೆಬಾಗಿ ತಿಳಿಸುವುದೇನೆಂದರೆ,

ನಾವೆಲ್ಲ ಕ್ಷೇಮ. ರೂಢಿಯಂತೆ ನಿಮ್ಮ ಆರೋಗ್ಯದ ಬಗ್ಗೆಯೂ ತಿಳಿಸಿ ಎಂದು ಬರೆದುಬಿಟ್ಟಿದ್ದೆ. ತೀರಿಕೊಂಡವರಿಗೆ ಇದೆಂಥ ಪ್ರಶ್ನೆ ಎನ್ನಿಸಿ, ಬಿದಿರಿನ ಪಟ್ಟಿಯನ್ನು ಚಾಕುವಿನಿಂದ ಕೆರೆದು ಅಳಿಸಿದೆ. ನೀವು ಪಕ್ಕದ ಕೋಣೆಯಲ್ಲಿ ಹೊಸ ರೇಷ್ಮೆ ಹೊದ್ದು ಮಲಗಿದ್ದೀರಿ. ಮದುವೆಯಾದಾಗಿನಿಂದ ನನ್ನ ಮಾತಿಗೆ ಇಷ್ಟು ಹೊತ್ತು ಅಡ್ಡ ಬಾರದೆ ಇದ್ದದ್ದು ಇದೇ ಮೊದಲು. ಈ ಅವಕಾಶ ಬಿಡಬಾರದೆಂದು ಬರೆಯಲು ಕೂತಿದ್ದೇನೆ. ಇದನ್ನು ನಿಮ್ಮ ಅಂಗಿಯ ತೋಳಿನೊಳಗೆ ಇಡುತ್ತೇನೆ, ದಾರಿಯಲ್ಲಿ ಓದಿಕೊಳ್ಳಿ. ನಾನು ಕಲಿಸಿದ ಅಕ್ಷರಗಳನ್ನೆಲ್ಲ ಮರೆತಿದ್ದರೆ ನಮ್ಮಪ್ಪನ ಹತ್ತಿರ ಓದಿಸಿಕೊಳ್ಳಿ. ಇಲ್ಲಿ ಬದುಕಿದ್ದಷ್ಟು ದಿನವೂ ಕಚೇರಿಯಲ್ಲಿ ಬರೆದವರು, ಅಲ್ಲೂ ಯಾವುದೋ ಮೂಲೆಯಲ್ಲಿ ಬರೆಯುತ್ತಲೇ ಕೂತಿರುತ್ತಾರೆ.

ನೀವು ಹೋದ ದಿನ ಭಾವನವರು ಸೂರಿನ ಮೇಲೆ ಹತ್ತಿ, ನಿಮ್ಮ ಹಳೆಯ ಅಂಗಿಯನ್ನು ಬಡಗಣಕ್ಕೆ ಬೀಸಿ, "ಪೆಂಗ್, ವಾಪಸ್ ಬಾರೋ!" ಎಂದು ಕೂಗಿದರು. ಜೀವ ಹತ್ತಿರದಲ್ಲೆಲ್ಲಾದರೂ ಇದ್ದರೆ ತಿರುಗಿ ಬರಲಿ ಎಂಬ ಆಸೆ. ಮೂರನೆಯ ಸಲ ಕೂಗಿದಾಗ ಬಲೆ ಬೀಸುತ್ತಿದ್ದ ಆಚೆ ದಡದ ಇನ್ನೊಬ್ಬ ಪೆಂಗ್ "ಬಂದೆ ಕಣಣ್ಣೋ, ಏನಾಯ್ತು?" ಎಂದು ಓಗೊಟ್ಟ. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟೆವು. ನಾನೂ ನಕ್ಕೆ, ತಪ್ಪು ತಿಳಿಯಬೇಡಿ. ನೀವು ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಿರಿ.

ಈಗ ಮುಖ್ಯ ವಿಷಯ. ನಿಮ್ಮ ಕಾಲ ಬಳಿ ಮುದ್ರೆ ಒತ್ತಿದ ಒಂದು ಮರದ ಹಲಗೆ ಇರುತ್ತದೆ. ಯಾರೇ ಊರು ಬಿಟ್ಟು ಊರಿಗೆ ಹೋದರೂ ಈ ಕಚೇರಿಯಿಂದ ಆ ಕಚೇರಿಗೆ ಓಲೆ ಹೋಗಬೇಕಲ್ಲ, ನೆಲದಡಿಗೆ ಹೋಗುವವರಿಗೂ ಅದೇ ಕಾನೂನು. "ಇಂಥವನು ನಿಮ್ಮಲ್ಲಿಗೆ ಬರುತ್ತಿದ್ದಾನೆ, ಇವನ ಹೆಸರು, ದರ್ಜೆ, ಆಳುಕಾಳು ಇಷ್ಟು, ದಾಖಲು ಮಾಡಿಕೊಳ್ಳುವುದು" ಎಂದು ನಮ್ಮ ಅಧಿಕಾರಿಗಳು ಅಲ್ಲಿನ ಅಧಿಕಾರಿಗಳಿಗೆ ತಿಳಿಸುತ್ತಾರೆ. ಅಪ್ಪನಿಂದ ಕಲಿತ ಕೈ, ಆ ಓಲೆಯನ್ನು ನಾನೇ ಬರೆದೆ; ಕಚೇರಿಯವರು ಒತ್ತುವುದು ಮುದ್ರೆ ಮಾತ್ರ. ಬರೆಯುವಾಗ ನಿಮ್ಮನ್ನು ಒಂಬತ್ತನೆಯ ದರ್ಜೆಯ ಗೌರವಸ್ಥರನ್ನಾಗಿ ಮಾಡಿದ್ದೇನೆ.

ಎದ್ದು ಕೂರಬೇಡಿ, ಪೂರ್ತಿ ಕೇಳಿ. ಬದುಕಿದ್ದಾಗ ನಿಮಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಒಂದೇ ಒಂದು ದರ್ಜೆ. ಅದೂ ಯುವರಾಜರು ಹುಟ್ಟಿದ ಸಂತೋಷಕ್ಕೆ ಊರಿನ ಗಂಡಸರಿಗೆಲ್ಲ ಸಕ್ಕರೆ ಹಂಚಿದ ಹಾಗೆ ಹಂಚಿದ್ದು. ಆ ದರ್ಜೆ ಕಟ್ಟಿಕೊಂಡು ನಿಮಗೆ ಬಿಟ್ಟಿ ಚಾಕರಿ ತಪ್ಪಿತೇ? ಪ್ರತಿ ವರ್ಷ ಕೋಟೆ ಗೋಡೆಗೆ ಮಣ್ಣು ಹೊತ್ತಿರಿ, ಕಾಲುವೆ ತೋಡಿದಿರಿ, ನಮ್ಮ ದೋಣಿಯಲ್ಲಿ ಅವರ ಕಲ್ಲು ಸಾಗಿಸಿದಿರಿ. ಮಂಡಿ ಹಿಡಿದುಕೊಂಡು ಮನೆಗೆ ಬಂದಾಗ ಎಣ್ಣೆ ತಿಕ್ಕಿದವಳು ನಾನು. ನೆಲದಡಿಯಲ್ಲೂ ದೊರೆ ಇದ್ದಾನಂತೆ, ಅವನಿಗೂ ಕೋಟೆ ಬೇಕಂತೆ. ಯಾರು ಕಟ್ಟುತ್ತಾರೆ? ಹೊಸದಾಗಿ ಹೋದವರು. ಒಂಬತ್ತನೆಯ ದರ್ಜೆಯಿಂದ ಮೇಲಿನವರನ್ನು ಮಾತ್ರ ಯಾರೂ ಚಾಕರಿಗೆ ಕರೆಯುವಂತಿಲ್ಲ. ಸತ್ತ ಮೇಲಾದರೂ ನನ್ನ ಗಂಡ ಕಾಲು ಚಾಚಿ ಕೂರಲಿ ಎನ್ನುವುದು ನನ್ನ ಹಟ.

ಮುದ್ರೆಗೆಂದು ಕಚೇರಿಗೆ ಒಯ್ದಾಗ ಗುಮಾಸ್ತ ಫಾನ್ ಓಲೆ ಓದಿ ಮುಖ ಮೇಲೆತ್ತಿದ. "ಅಲ್ಲಮ್ಮಾ, ನಮ್ ದೋಣಿ ಪೆಂಗಣ್ಣ ಯಾವಾಗ ಒಂಬತ್ತನೇ ದರ್ಜೆ ಆದ?" ಎಂದು ಕೇಳಿದ. ಸತ್ತ ಮೇಲೆ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಆಯ್ತು ಬಿಡು, ನಂದೇನ್ ಗಂಟು ಹೋಗ್ಬೇಕು? ಆಳು ಕಮ್ಮಿ ಬಿದ್ರೆ ಅದು ಕೆಳಗಿನೋರ ತಲೆನೋವು. ಅವ್ರು ನನ್ನ ಹಿಡಿದು ಕೇಳೋದು ನಾನು ಸತ್ತ ಮೇಲೆ ತಾನೇ?" ಎನ್ನುತ್ತ ಜೇಡಿಮಣ್ಣು ಮೆತ್ತಿ ಮುದ್ರೆ ಒತ್ತಿಯೇಬಿಟ್ಟ. ಹೊಸ್ತಿಲು ದಾಟುವಾಗ ಮತ್ತೆ ಕರೆದು, "ನಮ್ಮಮ್ಮನಿಗೂ ವಯಸ್ಸಾಯ್ತು. ಕಾಲ ಬಂದಾಗ ಹಿಂಗೇ ಒಂದು ಬರ್ಕೊಡ್ತೀಯಾ?" ಎಂದು ಮೆಲ್ಲಗೆ ಕೇಳಿದ.

ಕಷ್ಟವಾದದ್ದು ನಿಮ್ಮ ಅಣ್ಣನನ್ನು ಒಪ್ಪಿಸುವುದು. ವಿಷಯ ತಿಳಿದು ಭಾವನವರು ಕೆಂಡವಾದರು. "ಏನ್ ಸುವಾನ್, ಬುದ್ಧಿ ನೆಟ್ಟಗಿದ್ಯಾ? ಇವನು ದೊಡ್ಡ ದರ್ಜೆಯೋನು ಅಂತ ಹೋಗಿ ನಿಂತ್ರೆ, ಅಲ್ಲಿರೋ ನಮ್ಮಪ್ಪ ಎದ್ದು ಬಗ್ಗಿ ದಾರಿ ಬಿಡ್ಬೇಕೇನು? ಚಿಕ್ಕೋನಿದ್ದಾಗ ಇವನ ಮೂಗು ಒರೆಸಿದೋನು ನಾನು!" ಎಂದು ಅಂಗಳವೆಲ್ಲ ಕೇಳುವ ಹಾಗೆ ಕೂಗಾಡಿದರು. "ನೀವು ಹೋಗೋವಾಗ ನಿಮ್ಗೆ ಹತ್ತನೇದು ಬರೀತೀನಿ ಬಿಡಿ ಭಾವ" ಎಂದೆ. ತಣ್ಣಗಾದರು. ಎರಡು ಬಟ್ಟಲು ಅಕ್ಕಿಹೆಂಡ ಕುಡಿದ ಮೇಲೆ, ಹತ್ತನೇ ದರ್ಜೆಯವರ ಟೋಪಿ ಎಷ್ಟು ಎತ್ತರ ಇರುತ್ತದೆ ಎಂದು ವಿಚಾರಿಸಿದರು.

ಗೌರವಸ್ಥರು ಬರಿಗೈಯಲ್ಲಿ ಹೋಗಬಾರದೆಂದು ಬಣ್ಣ ಹಚ್ಚಿದ ಮರದ ಆಳುಗಳನ್ನು ಮಾಡಿಸಿದ್ದೇನೆ. ಅಡುಗೆಗೆ ಒಬ್ಬ, ಹೊರೆ ಹೊರಲು ಒಬ್ಬ, ನಿಮ್ಮ ತಲೆಯ ಮೇಲೆ ಕೊಡೆ ಹಿಡಿಯಲು ಒಬ್ಬ. ದಯವಿಟ್ಟು ಅವರಿಂದ ಕೆಲಸ ಮಾಡಿಸಿಕೊಳ್ಳಿ. ಪಾಪ ಹಸಿದಿರುತ್ತಾರೆಂದು ನೀವೇ ಒಲೆ ಹಚ್ಚಿ, ಮೀನು ಬೇಯಿಸಿ, ಅವರನ್ನು ಸಾಲಾಗಿ ಕೂರಿಸಿ ಬಡಿಸುತ್ತೀರೆಂದು ನನಗೆ ಈಗಲೇ ಗೊತ್ತು. ತಾವರೆ ಗೆಡ್ಡೆ, ಶುಂಠಿ, ಉಪ್ಪು ಹಾಕಿ ಹುಳಿ ಬರಿಸಿದ ಅವರೆಕಾಳು, ಎಲ್ಲ ಜಾಡಿಗಳಲ್ಲಿವೆ. ಅದು ನಿಮಗೆ, ಮರಕ್ಕಲ್ಲ.

ನನಗಿರುವ ಒಂದೇ ಭಯ ನಿಮ್ಮ ಬಾಯಿಯದು. ಸುಂಕದ ಕಟ್ಟೆಯಲ್ಲಿ ಎಲ್ಲ ಮುಗಿದು, 'ಹೋಗಿ' ಎಂದವರನ್ನು ಕರೆದು, "ದೋಣಿ ಹಲಗೆ ಕೆಳಗೆ ಇನ್ನೊಂದು ಮೂಟೆ ಐತೆ ಸ್ವಾಮಿ, ಹೇಳೋದು ಮರ್ತಿದ್ದೆ" ಎಂದ ಮಹಾನುಭಾವರು ನೀವು. ನೆಲದಡಿಯ ಬಾಗಿಲಲ್ಲಿ ಹಾಗೇನಾದರೂ ಮಾಡಿದಿರೋ, ಓಲೆಯೂ ಹೋಯಿತು, ನನ್ನ ಶ್ರಮವೂ ಹೋಯಿತು. ಸುಳ್ಳು ಹೇಳಲು ನಿಮ್ಮಿಂದ ಆಗುವುದಿಲ್ಲ, ಹೇಳಲೂ ಬೇಡಿ. ಏನು ಕೇಳಿದರೂ ಗಂಟಲು ಸರಿಮಾಡಿಕೊಂಡು ಒಮ್ಮೆ ಕೆಮ್ಮಿ, ಆಕಾಶ ನೋಡಿ. ಅಲ್ಲಿ ಆಕಾಶವಿಲ್ಲದಿದ್ದರೆ ಸೂರು ನೋಡಿ. ದೊಡ್ಡ ದರ್ಜೆಯವರು ನಮ್ಮ ದೋಣಿ ಹತ್ತಿದಾಗೆಲ್ಲ ಮಾಡುತ್ತಿದ್ದದ್ದು ಅದನ್ನೇ.

ನಮ್ಮ ಚಿಕ್ಕವಳು ಜಾವೊ ಜ್ವರದಲ್ಲಿ ಹೋದಾಗ ಅವಳ ಓಲೆಯನ್ನು ನಮ್ಮಪ್ಪ ಬರೆದಿದ್ದರು. "ದೋಣಿಯವನ ಮಗಳು, ವಯಸ್ಸು ಆರು" ಎಂದಷ್ಟೇ ಇತ್ತು, ಒಂದಕ್ಷರ ಹೆಚ್ಚಿಲ್ಲ. ಅಲ್ಲಿ ಅವಳು ನಮ್ಮಂಥವರ ಕೇರಿಯಲ್ಲೇ ಇರುತ್ತಾಳೆ. ನೀವು ನೆಲೆಯಾದ ಮೇಲೆ ಬಿಡುವು ಮಾಡಿಕೊಂಡು ಹೋಗಿ ನೋಡಿ ಬನ್ನಿ.

ನನ್ನ ಚಿಂತೆ ಬೇಡ. ದೊಡ್ಡವಳು ಲಿಯನ್ ಜೊತೆಗಿದ್ದಾಳೆ, ದೋಣಿಯನ್ನು ಅಳಿಯ ನೋಡಿಕೊಳ್ಳುತ್ತಾನೆ. ಅನ್ನಕ್ಕೆ ಅಕ್ಕಿ ಹಾಕುವಾಗ ಕೈ ತಾನಾಗಿ ನಿಮ್ಮ ಪಾಲನ್ನೂ ಹಾಕುತ್ತದೆ. ಉಳಿದದ್ದನ್ನು ನಾನೇ ತಿಂದು ದಪ್ಪಗಾಗುತ್ತಿದ್ದೇನೆ. ನೀವಿಲ್ಲದ ಮನೆ ನನಗೆ ಒಂದಿಷ್ಟೂ ಹಿಡಿಸುತ್ತಿಲ್ಲ.

ಮತ್ತೆ ಎರಡು ಸಲ ತಲೆಬಾಗಿ,
ಒಂಬತ್ತನೆಯ ದರ್ಜೆಯವರ ಹೆಂಡತಿ (ಹೀಗೆ ಬರೆಯಲು ಚೆನ್ನಾಗಿದೆ),
ಸುವಾನ್

ಬರೆದು ಮುಗಿಸಿದ ಮೇಲೆ: ಪಟ್ಟಿಗಳಿಗೆ ದಾರ ಕಟ್ಟುತ್ತಿದ್ದಾಗ ಲಿಯನ್ ಬಂದು ಓದಿಸಿಕೊಂಡಳು. ಎಲ್ಲ ಕೇಳಿ, "ಅಮ್ಮಾ, ಇಲ್ಲಿ ದರ್ಜೆಯೋರ ಕೇರಿಗೆ ಬೇರೆ ಗೋಡೆ, ಬೇರೆ ಬಾಗ್ಲು. ಮೀನು ಕೊಡೋಕ್ ಹೋದ್ರೂ ನಮ್ಮನ್ನ ಹೊರಗೇ ನಿಲ್ಲಿಸ್ತಾರೆ. ಅಲ್ಲಿ ಜಾವೊ ಅಪ್ಪನ್ನ ಹುಡುಕ್ಕೊಂಡು ಬಂದ್ರೆ ಒಳಗೆ ಬಿಡ್ತಾರಾ?" ಎಂದಳು. ಚಾಕು, ಓಲೆ ಎರಡನ್ನೂ ಎತ್ತಿಕೊಂಡು ಕಚೇರಿಗೆ ಓಡಿದೆ. "ಹತ್ತಿಸಿ ಇಳ್ಸೋಕೆ ಇದೇನು ಏಣಿನೇನಮ್ಮಾ?" ಎಂದು ಗೊಣಗುತ್ತಲೇ ಫಾನ್ ಮುದ್ರೆ ಒಡೆದುಕೊಟ್ಟ. ಒಂಬತ್ತನ್ನು ನಾನೇ ಕೆರೆದೆ. ಈಗ ನೀವು ದೋಣಿಯವನು ಪೆಂಗ್, ದರ್ಜೆ ಒಂದು, ಜಾವೊಳ ತಂದೆ. ಕೊಡೆಯವನನ್ನು ತೆಗೆದಿದ್ದೇನೆ. ಉಳಿದಿಬ್ಬರು ಇರುತ್ತಾರೆ; ಚಾಕರಿಗೆ ಬದಲಿ ಆಳು ಕಳಿಸಲು ಕಾನೂನಿದೆ, ಕರೆ ಬಂದರೆ ಅವರನ್ನು ಕಳಿಸಿಬಿಡಿ. ಬಾಗಿಲಲ್ಲಿ ಕೆಮ್ಮುವುದು ಬೇಡ, ಕೇಳಿದ್ದಕ್ಕೆಲ್ಲ ಬಾಯ್ತುಂಬ ನಿಜ ಹೇಳಿ. ತಾನೇ ದೋಣಿಯ ಹುಟ್ಟು ಹಾಕುತ್ತೇನೆಂದು ಜಾವೊ ರಂಪ ಮಾಡಿದಾಗಲೆಲ್ಲ, ದೊಡ್ಡವಳಾಗು ಆಮೇಲೆ ನೋಡೋಣ ಎನ್ನುತ್ತಿದ್ದಿರಿ. ಹೋದ ಕೂಡಲೇ ಅವಳ ಕೈಗೆ ಹುಟ್ಟು ಕೊಡಿ.